ನೀರು ನೋಡುವವ

ನನ್ನ ಔಷಧದಂಗಡಿಯಲ್ಲಿ, ಗಲ್ಲಾದ ಪಕ್ಕದ ಮೊಳೆಗೆ, ಒಂದು ರಬ್ಬರಿನ ಟೊಪ್ಪಿ ನೇತಾಡುತ್ತಿದೆ. ನೀಲಿ ಬಣ್ಣದ್ದು, ಈಜುವವರು ಹಾಕಿಕೊಳ್ಳುವಂಥದ್ದು. ಚೀಟಿ ಹಿಡಿದು ಬಂದವರು, ನಾನು ಮಾತ್ರೆ ಹುಡುಕುವ ಹೊತ್ತಿನಲ್ಲಿ, ಮೊದಲು ಟೊಪ್ಪಿಯನ್ನು ನೋಡುತ್ತಾರೆ, ಆಮೇಲೆ ನನ್ನ ತಲೆಯನ್ನು ನೋಡುತ್ತಾರೆ. ನೋಡಲಿ. ಕೂದಲು ನೀರಿಗೆ ಉದುರಬಾರದೆಂದು ಹಾಕುವ ಟೊಪ್ಪಿ ಅದು. ನನ್ನ ತಲೆಯಲ್ಲಿ ಉದುರಲು ಬಾಕಿ ಇರುವುದು ಎರಡು ಕಿವಿಗಳ ಮೇಲಿನ ಒಂದಿಷ್ಟು ಮಾತ್ರ. ಐವತ್ಮೂರು ವರ್ಷದ ಬೋಳುತಲೆಯವನೊಬ್ಬ ಈಜುಟೊಪ್ಪಿ ಕೊಂಡಿದ್ದಾನೆ ಎಂಬ ಸುದ್ದಿ ಹೊನ್ನಾವರದಲ್ಲಿ ಅಂಗಡಿಯಿಂದ ಬಸ್‌ಸ್ಟ್ಯಾಂಡಿಗೆ ಹೋಗಲು ಎರಡು ದಿನ ಸಾಕು. ಹೋಗಿದೆ ಕೂಡ.

ಟೊಪ್ಪಿ ಹಾಕಿಸಿದವನು ಇಮ್ತಿಯಾಜ್. ಭಟ್ಕಳದವನು. ಹದಿನೆಂಟು ವರ್ಷ ದುಬೈಯ ಹೋಟೆಲುಗಳ ಈಜುಕೊಳದ ಪಕ್ಕ ಎತ್ತರದ ಕುರ್ಚಿಯ ಮೇಲೆ ಸೀಟಿ ಹಿಡಿದು ಕುಳಿತು, ಮುಳುಗುವವರನ್ನು ಎತ್ತುವುದೇ ಅವನ ಉದ್ಯೋಗವಾಗಿತ್ತು. ಈಗ ಊರಿಗೆ ಮರಳಿ, ಕಾಯ್ಕಿಣಿಯ ಹತ್ತಿರದ ಒಂದು ರಿಸಾರ್ಟಿನ ಕೊಳದಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಈಜು ಕಲಿಸುತ್ತಾನೆ. ಮನೆಯವರ ಫೋನು ಬಂದರೆ ನವಾಯತಿ, ಮಕ್ಕಳ ಹತ್ತಿರ ಕನ್ನಡ, ಸಿಟ್ಟು ಬಂದರೆ ಉರ್ದು, ತೀರಾ ಸಿಟ್ಟು ಬಂದರೆ ಬರೀ ಸೀಟಿ. ನನಗೆ ಹೆಚ್ಚಾಗಿ ಸಿಕ್ಕಿದ್ದು ಸೀಟಿಯೇ.

"ನನಗೆಂತಕ್ಕೆ ಟೊಪ್ಪಿ?" ಅಂದೆ ಮೊದಲ ದಿನ.

"ಬೋರ್ಡು ಓದಿ ಹೆಗಡೇರೆ. ಕೊಳಕ್ಕೆ ಇಳಿಯೋರೆಲ್ಲ ಅಂತ ಬರ್ದಿದೆ. ಕೂದಲು ಇದ್ದೋರು ಅಂತ ಬರ್ದಿಲ್ಲ."

ಬೋರ್ಡು ಓದುವುದರಲ್ಲಿ ನಾನು ಹಿಂದೆ ಬಿದ್ದವನೇ. ಅದು ಎಷ್ಟು ನಿಜ ಎಂದು ಇಮ್ತಿಯಾಜನಿಗೆ ಆಗ ಗೊತ್ತಿರಲಿಲ್ಲ. ನಿಮಗೆ ಹೇಳುತ್ತೇನೆ, ಆದರೆ ಸ್ವಲ್ಪ ಸುತ್ತಿ ಬರಬೇಕು, ಏಕೆಂದರೆ ನೇರವಾಗಿ ಅಲ್ಲಿಗೆ ಹೋಗಲು ನನಗೆ ಇವತ್ತಿಗೂ ಧೈರ್ಯ ಸಾಲುವುದಿಲ್ಲ.

ನಾನು ಕೊಳಕ್ಕೆ ಹೋಗಿದ್ದು ಕಲಿಯಲಿಕ್ಕಲ್ಲ. ತಮ್ಮನ ಮಗಳು ಮೇಧಾಳನ್ನು ಕರೆದುಕೊಂಡು ಹೋಗಲು. ಹದಿಮೂರು ವರ್ಷದ ಹುಡುಗಿ. ಶಾಲೆಯಿಂದ ಈಜಿನ ಸ್ಪರ್ಧೆಗೆ ಆರಿಸಿದ್ದಾರೆ. ಈಜು ಚೆನ್ನಾಗಿಯೇ ಬರುತ್ತದೆ. ಆದರೆ ಸ್ಪರ್ಧೆಯಲ್ಲಿ ಸೀಟಿ ಊದಿದೊಡನೆ ಕಟ್ಟೆಯ ಮೇಲಿಂದ ತಲೆಮುಂದಾಗಿ ನೀರಿಗೆ ಹಾರಬೇಕಂತೆ. ಅದು ಅವಳಿಗೆ ಬರುವುದಿಲ್ಲ. ಬರದೆ ಇರುವುದಕ್ಕೆ ನಮ್ಮ ಮನೆಯಲ್ಲಿ ಕಾರಣವಿದೆ. ಅವಳ ಅಪ್ಪ, ನನ್ನ ತಮ್ಮ ಸುಬ್ರಾಯ, ಹನ್ನೊಂದು ವರ್ಷದಿಂದ ಗಾಲಿಕುರ್ಚಿಯಲ್ಲಿದ್ದಾನೆ. ಭುಜ ಆಡುತ್ತದೆ, ಮೊಣಕೈ ಸ್ವಲ್ಪ ಮಡಚುತ್ತದೆ. ಬೆರಳು ಆಡುವುದಿಲ್ಲ. ಎದೆಯಿಂದ ಕೆಳಗೆ ಏನೂ ಇಲ್ಲ. ಅವನೂ ಹೀಗೇ ಒಂದು ಕೊಳಕ್ಕೆ ತಲೆಮುಂದಾಗಿ ಹಾರಿದವನು.

ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದವ. ತಂತಿ ಸುತ್ತುವ ಅವನ ಕೈ ನೋಡಲು ಜನ ನಿಲ್ಲುತ್ತಿದ್ದರು. ಈಗ ಪ್ರತಿದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ನಾನು ಪಕ್ಕದಲ್ಲೇ ಇರುವ ಅವನ ಮನೆಗೆ ಹೋಗುತ್ತೇನೆ. ಅವನ ಹೆಂಡತಿ ಸರೋಜ ಕಾಲ ಕಡೆ, ನಾನು ತೋಳ ಕಡೆ ಹಿಡಿದು ಮಂಚದಿಂದ ಕುರ್ಚಿಗೆ ಎತ್ತುತ್ತೇವೆ. ಸಂಜೆ ಕುರ್ಚಿಯಿಂದ ಮಂಚಕ್ಕೆ. ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ಬದಲಿಸುವುದು ಸರೋಜಳ ಕೆಲಸ. ಮೂತ್ರದ ಚೀಲ, ಹತ್ತಿ, ಮುಲಾಮು ನನ್ನ ಅಂಗಡಿಯಿಂದ. ಇದನ್ನೆಲ್ಲ ನೋಡಿ ಪೇಟೆಯವರು ನನ್ನನ್ನು ಹೊಗಳುತ್ತಾರೆ. "ಅಣ್ಣ ಅಂದರೆ ಹಿಂಗಿರಬೇಕು" ಎನ್ನುತ್ತಾರೆ. ನಾನು ಚೀಟಿ ಓದುತ್ತ ತಲೆತಗ್ಗಿಸುತ್ತೇನೆ. ಅದನ್ನು ವಿನಯ ಎಂದುಕೊಳ್ಳುತ್ತಾರೆ.

ನಾವು ಹುಟ್ಟಿ ಬೆಳೆದದ್ದು ಹೊಳೆಯ ದಂಡೆಯಲ್ಲಿ. ಶರಾವತಿ ಸಮುದ್ರ ಸೇರುವುದಕ್ಕೆ ಇನ್ನೇನು ಸ್ವಲ್ಪ ದೂರ ಇದೆ ಎನ್ನುವಲ್ಲಿ ಒಂದು ಹಳೆಯ ಧಕ್ಕೆ. ಚಿರೇಕಲ್ಲಿನ ಕಟ್ಟೆ, ನೀರಿಗಿಳಿಯಲು ಒಂಬತ್ತು ಮೆಟ್ಟಿಲು. ದೋಣಿ ಕಟ್ಟುವುದು ನಿಂತು ಹೋಗಿ ಅದು ಮಕ್ಕಳ ಪಾಲಾಗಿತ್ತು. ತೆಂಗಿನ ಸಿಪ್ಪೆ ಕೊಳೆಹಾಕಿದ ಗುಂಡಿಗಳ ವಾಸನೆ, ಉಪ್ಪುನೀರಲ್ಲಿ ಬಿರುಕುಬಿಟ್ಟ ಹಿಮ್ಮಡಿ, ಮನೆಗೆ ಹೋಗುವಾಗ ಆಯಿಗೆ ಗೊತ್ತಾಗಬಾರದೆಂದು ತಲೆ ಒರೆಸಿಕೊಂಡ ಅಂಗಿ, ಅದು ಒದ್ದೆಯಾದದ್ದರಿಂದಲೇ ಆಯಿಗೆ ಗೊತ್ತಾಗುತ್ತಿದ್ದುದು. ಎರಡು ಒಣಗಾಯಿಗಳನ್ನು ಜೋಡಿಸಿ ಸೊಂಟಕ್ಕೆ ಕಟ್ಟಿಕೊಂಡು ನಾವೆಲ್ಲ ಈಜು ಕಲಿತಿದ್ದು ಅಲ್ಲೇ. ನನ್ನ ಕಾಯಿಗಳನ್ನು ಬಿಚ್ಚಲು ಉಳಿದವರಿಗಿಂತ ಒಂದು ವರ್ಷ ಹೆಚ್ಚು ಬೇಕಾಯಿತು.

ಆ ಹೊಳೆಗೆ ದಿನಕ್ಕೆರಡು ಸಲ ಭರತ, ಎರಡು ಸಲ ಇಳಿತ. ಸಮುದ್ರದ ನೀರು ಏರಿ ಒಳಗೆ ಬರುತ್ತದೆ, ಇಳಿದು ಹೊರಗೆ ಹೋಗುತ್ತದೆ. ಇಳಿತದಲ್ಲಿ ಒಂಬತ್ತು ಮೆಟ್ಟಿಲೂ ಕಾಣುತ್ತವೆ. ಕೆಳಗೆ ಕೆಸರು, ಕೆಸರಿನಲ್ಲಿ ಕಾಲು ಕೊಯ್ಯುವ ಚಿಪ್ಪು. ಭರತ ಏರಿದ ಹಾಗೆ ಒಂದೊಂದೇ ಮೆಟ್ಟಿಲು ಮುಳುಗುತ್ತದೆ. ಹುಣ್ಣಿಮೆ ಅಮಾವಾಸ್ಯೆಯ ಸುಮಾರಿಗೆ ನೀರು ಧಕ್ಕೆಯ ಅಂಚನ್ನೇ ಮುಟ್ಟುತ್ತದೆ. ಆಗ ಕೆಳಗೆ ಎರಡಾಳು ನೀರು. ಎಂಥವನು ಹೇಗೆ ಹಾರಿದರೂ ತಳ ತಗಲುವುದಿಲ್ಲ.

ಆದ್ದರಿಂದ ನಮ್ಮ ಧಕ್ಕೆಯಲ್ಲಿ ಒಂದು ಕಟ್ಟಳೆ ಇತ್ತು. ಗುಂಪಿನಲ್ಲಿ ಒಬ್ಬ ನೀರು ನೋಡುವವ. ಅವನು ಹಾರುವುದಿಲ್ಲ. ಎಲ್ಲರ ಅಂಗಿ ಚಡ್ಡಿ ಕಾಯುತ್ತ ಕಟ್ಟೆಯ ಮೇಲೆ ನಿಲ್ಲುತ್ತಾನೆ. ಹಾರುವವ ಅಂಚಿಗೆ ಬಂದು "ನೀರು ಎಷ್ಟಿದ್ದು?" ಎಂದು ಕೇಳಬೇಕು. ನೀರು ನೋಡುವವ ಅಂಚಿಗೂ ನೀರಿಗೂ ನಡುವೆ ಎಷ್ಟು ಅಂತರ ಎಂದು ನೋಡಿ, "ತುಂಬಿದ್ದು, ಹಾರು" ಎನ್ನಬೇಕು, ಇಲ್ಲವೇ "ಹಾರಡ" ಎನ್ನಬೇಕು. ಅವನ ಮಾತಿನ ಮೇಲೆ ಮಾತಿಲ್ಲ. ಕೇಳದೆ ಹಾರಿದವನಿಗೆ ಒಂದು ವಾರ ಧಕ್ಕೆಗೆ ಪ್ರವೇಶವಿಲ್ಲ. ಹಿಂದೆ ಯಾವನೋ ಒಬ್ಬ ಇಳಿತದಲ್ಲಿ ಹಾರಿ ಹಲ್ಲು ಮುರಿದುಕೊಂಡ ಮೇಲೆ ದೊಡ್ಡವರು ಮಾಡಿದ ಕಟ್ಟಳೆಯಂತೆ.

ಆ ಹುದ್ದೆ ನನ್ನದು. ಬುದ್ಧಿವಂತನೆಂದು ಕೊಟ್ಟರು ಎಂದು ನಾನು ಬಹಳ ದಿನ ನಂಬಿಕೊಂಡಿದ್ದೆ. ನಿಜ ಏನೆಂದರೆ ತಲೆ ಕೆಳಗೆ ಮಾಡಿ ನೀರಿಗೆ ಬೀಳುವ ಧೈರ್ಯ ನನಗೊಬ್ಬನಿಗೇ ಇರಲಿಲ್ಲ. ಒಂದೇ ಒಂದು ಸಲವೂ ಹಾರದವನನ್ನು, ಯಾರು ಯಾವಾಗ ಹಾರಬೇಕೆಂದು ಹೇಳಲು ನಿಲ್ಲಿಸಿದ್ದರು. ನಾನೂ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದರಿನ ಅಧಿಕಾರಿಯ ಹಾಗೆ ನಿಂತಿರುತ್ತಿದ್ದೆ. ಅಂಚಿಗೆ ನೀರು ಬಂದರೆ ಹಾರಬಹುದು, ಇಷ್ಟೇ ನನ್ನ ವಿದ್ಯೆ. ಆ ಹೊಳೆಯಲ್ಲಿ ಅದು ಒಮ್ಮೆಯೂ ತಪ್ಪಲಿಲ್ಲ.

ಸುಬ್ರಾಯ ನನಗಿಂತ ನಾಲ್ಕು ವರ್ಷ ಚಿಕ್ಕವ, ಧಕ್ಕೆಯ ರಾಜ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ತಲೆಮುಂದಾಗಿ ಹಾರುವುದು ಅವನ ವಿಶೇಷ. ಕೈ ಮುಂದೆ ಚಾಚಿ ಹಾರುವುದು ನಮ್ಮಲ್ಲಿ ಹೆದರುವವರ ಲಕ್ಷಣ ಎಂದಿತ್ತು. ಬೀಳುವ ಮೊದಲು ಕತ್ತು ತಿರುಗಿಸಿ ಕೇಳುತ್ತಿದ್ದ, "ನೀರು ಎಷ್ಟಿದ್ದು ಅಣ್ಣಾ?" ನಾನು ಹೇಳಿದ ಮೇಲೆ ಒಂದು ಕ್ಷಣವೂ ನೀರನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಲೇ ಬೀಳುತ್ತಿದ್ದ.

ಹನ್ನೊಂದು ವರ್ಷದ ಹಿಂದೆ ಮುಂಬೈಯಿಂದ ಬಂದ ಭಾವನೊಬ್ಬ ಓಂ ಬೀಚಿನ ಮೇಲಿನ ಗುಡ್ಡದಲ್ಲಿ ಒಂದು ಗೆಸ್ಟ್‌ಹೌಸ್ ಹಿಡಿದು, ನಮ್ಮನ್ನೆಲ್ಲ ಊಟಕ್ಕೆ ಕರೆದಿದ್ದ. ಅಂಗಳದಲ್ಲಿ ಒಂದು ಸಣ್ಣ ಈಜುಕೊಳ. ಊಟ ಮುಗಿದು ಹೆಂಗಸರು ಒಳಗಿದ್ದರು. ಸರೋಜ ಎರಡು ವರ್ಷದ ಮೇಧಾಳನ್ನು ಮಲಗಿಸುತ್ತಿದ್ದಳು. ಭಾವ ಮತ್ತು ಉಳಿದವರು ಆಚೆ ನೆರಳಿನಲ್ಲಿ ಇಸ್ಪೀಟು ಹಾಕಿದ್ದರು. ನಾನು ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದು ಕೊಳದ ಅಂಚಿಗೇ ಹಾಕಿಕೊಂಡು, ತೊಡೆಯ ಮೇಲೆ ಪಕೋಡದ ತಟ್ಟೆ ಇಟ್ಟುಕೊಂಡಿದ್ದೆ. ಸುಬ್ರಾಯ ಅಂಗಿ ಕಳಚಿ ಅಂಚಿಗೆ ಬಂದು ನಿಂತ. ಮೂವತ್ತೆಂಟು ವರ್ಷದವನು ಹನ್ನೆರಡರವನಾಗಿದ್ದ. ಕೈ ಬೆನ್ನ ಹಿಂದೆ ಕಟ್ಟಿ, ಕತ್ತು ತಿರುಗಿಸಿ, ನಗುತ್ತ ಕೇಳಿದ.

"ನೀರು ಎಷ್ಟಿದ್ದು ಅಣ್ಣಾ?"

ನಾನು ನೋಡಿದೆ. ನಿಜವಾಗಿ ನೋಡಿದೆ, ತಮಾಷೆಗಲ್ಲ. ನೀರು ಅಂಚನ್ನು ಮುಟ್ಟಿತ್ತು, ಸ್ವಲ್ಪ ತುಳುಕುತ್ತಲೂ ಇತ್ತು. ನನ್ನ ಮೈಯೊಳಗೆ ಕೂತಿದ್ದ ಹೊಳೆ ಹೇಳಿತು, ಇದು ಹುಣ್ಣಿಮೆಯ ಭರತ. ಬಾಯಲ್ಲಿ ಪಕೋಡ ಇಟ್ಟುಕೊಂಡೇ ಹೇಳಿದೆ.

"ತುಂಬಿದ್ದು, ಹಾರು."

ಈಜುಕೊಳದ ನೀರು ಯಾವತ್ತೂ ಅಂಚಿಗೇ ಇರುತ್ತದೆ. ಅದಕ್ಕೆ ಭರತವೂ ಇಲ್ಲ, ಇಳಿತವೂ ಇಲ್ಲ. ಇದನ್ನು ತಿಳಿಯಲು ದೊಡ್ಡ ಬುದ್ಧಿ ಬೇಡ. ಬೆಂಗಳೂರಿನ ಯಾವ ಮಗುವಾದರೂ ಹೇಳುತ್ತದೆ. ಭರತ ನೋಡಿ ಬೆಳೆದವನಿಗೆ ಮಾತ್ರ ಆ ತಪ್ಪು ಸಾಧ್ಯ.

ಅವನು ಬಿದ್ದು, ಮುಖ ಕೆಳಗಾಗಿ ತೇಲುತ್ತಿದ್ದ. ಹೊಳೆಯಲ್ಲೂ ಹಾಗೆ ಸತ್ತವನಂತೆ ತೇಲಿ ನಮ್ಮನ್ನು ಹೆದರಿಸುವ ಚಟ ಅವನಿಗಿತ್ತು. ನಾನು ನಕ್ಕೆ. ಎಷ್ಟು ಹೊತ್ತು ನಕ್ಕೆ ಎಂದು ನನ್ನನ್ನು ಕೇಳಬೇಡಿ. ಆಮೇಲೆ ಎಲ್ಲರೂ ಓಡಿ ಬಂದು ಕಂಕುಳಿಗೆ ಕೈ ಹಾಕಿ ಎಳೆದೆವು. ನನ್ನದೇ ಕುರ್ಚಿಯ ಮೇಲೆ ಕೂರಿಸಿದೆವು, ತಲೆ ಎದೆಯ ಮೇಲೆ ಬಿತ್ತು. ಯಾರೋ ಎಳನೀರು ಕುಡಿಸಲು ಹೋದರು. ಮಂಗಳೂರಿನಲ್ಲಿ ಡಾಕ್ಟರು ಮೊದಲು ಕೇಳಿದ ಪ್ರಶ್ನೆ, "ಕತ್ತು ಮುರಿದವರನ್ನು ಎತ್ತಿ ಕೂರಿಸಿದ್ದು ಯಾರು?" ಎಲ್ಲರೂ ಎತ್ತಿದ್ದೆವು.

ಎರಡು ದಿನ ಬಿಟ್ಟು ಬಟ್ಟೆಬರೆ ತರಲು ಆ ಗೆಸ್ಟ್‌ಹೌಸಿಗೆ ಹೋದೆ. ಕುರ್ಚಿ ಅಲ್ಲೇ ಇತ್ತು. ಎತ್ತಿ ಬದಿಗಿಟ್ಟರೆ, ಅದರ ಕಾಲುಗಳ ನಡುವೆ, ಅಂಚಿನ ಕಲ್ಲಿನ ಮೇಲೆ ನೀಲಿ ಬಣ್ಣದಲ್ಲಿ ಬರೆದಿತ್ತು, ನಾಲ್ಕು ಅಡಿ. ಅದರ ಮೇಲೆ ನಾನು ಕೂತಿದ್ದೆ.

ಸುಬ್ರಾಯನಿಗೆ ಎಚ್ಚರ ಬಂದಾಗ ಆ ಮಧ್ಯಾಹ್ನ ಅವನ ತಲೆಯಿಂದ ಹೋಗಿತ್ತು. "ಪಾಯಸ ಬಡಿಸಿದ್ದು ನೆನಪಿದ್ದು, ಆಮೇಲೆ ಎಂತದೂ ಇಲ್ಲೆ" ಅಂದ. ಇವತ್ತಿಗೂ ಅಷ್ಟೇ. ನೋಡಲು ಬಂದವರೆಲ್ಲ ತಾವೇ ಒಂದು ಕಥೆ ಕಟ್ಟಿಕೊಂಡರು: ಮೊದಲಿಂದಲೂ ಹುಂಬ, ಹಾರಿಯೇಬಿಟ್ಟ. ನಾನು ಬಾಗಿಲ ಹತ್ತಿರ ನಿಂತಿದ್ದೆ, ಸುಮ್ಮನಿದ್ದೆ. ಇವತ್ತು ಬೇಡ, ಅವನು ಸ್ವಲ್ಪ ಚೇತರಿಸಿಕೊಳ್ಳಲಿ ಎಂದುಕೊಂಡೆ. ಒಂದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವನ ಮುಖ ಒರೆಸುತ್ತಿದ್ದಾಗ ಅವನೇ ಮಾತು ತೆಗೆದ.

"ಅಣ್ಣಾ, ನಿನ್ನ ಕೇಳದೆ ಹಾರಿದೆ ಕಾಣ್ತು. ಕೇಳಿದ್ರೆ ನೀ ಬಿಡ್ತಿರ್ಲಿಲ್ಲೆ. ನಂದೇ ತಪ್ಪಾತು."

ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ನಾನು ಏನೆಂದೆ ಗೊತ್ತೇ? "ಇರ್ಲಿ ಬಿಡು" ಅಂದೆ. ನನ್ನ ತಪ್ಪಿಗೆ ಅವನನ್ನು ಕ್ಷಮಿಸಿದೆ. ಹನ್ನೊಂದು ವರ್ಷ ಆ ಕ್ಷಮೆಯ ಮೇಲೆಯೇ ನಾನು ಒಳ್ಳೆಯ ಅಣ್ಣನಾಗಿ ಬದುಕಿದ್ದೇನೆ.

ಇನ್ನು ಕೊಳಕ್ಕೆ ಬನ್ನಿ. ಮೊದಲ ಭಾನುವಾರ ಮೇಧಾ ನೀರಲ್ಲಿ, ನಾನು ಕೈಕಟ್ಟಿ ಹೊರಗೆ. ಅವಳು ಅಂಚಿನ ಹತ್ತಿರ ಬಂದಾಗಲೆಲ್ಲ ಕಟ್ಟಿದ ಕೈ ಬಿಚ್ಚಿ ಒಂದು ಹೆಜ್ಜೆ ಮುಂದೆ ಹೋಗುತ್ತಿದ್ದೆ. ಇಮ್ತಿಯಾಜ್ ನೋಡಿದ.

"ಹೆಗಡೇರೆ, ಹೊರಗೆ ನಿಂತವರಿಗೇ ಭಯ ಜಾಸ್ತಿ. ನೀವೂ ಇಳೀರಿ. ಮಗು ಜೊತೆ ಕಲೀರಿ."

ಹೀಗೆ ಟೊಪ್ಪಿ ಬಂತು. ಐವತ್ಮೂರರಲ್ಲಿ ನಾನು ಎಂಟು ಮಕ್ಕಳ ಸಾಲಿನಲ್ಲಿ ಒಂಬತ್ತನೆಯವನಾಗಿ ನಿಂತೆ. ನನ್ನ ಹೊಟ್ಟೆ ಸಾಲಿನಿಂದ ಒಂದು ಗೇಣು ಮುಂದಿತ್ತು. ಇಮ್ತಿಯಾಜನ ಪಾಠ ಒಂದೇ ಒಂದು. ಪ್ರತಿ ವಾರ ಅದನ್ನೇ ಹೇಳುತ್ತಿದ್ದ.

"ಹೊಸ ನೀರಿಗೆ ಮೊದಲು ಕಾಲು. ತಲೆ ಕೊನೆಗೆ. ಇಳಿದು ಹೋಗಿ ತಳ ಮುಟ್ಟಿ ಬನ್ನಿ. ನೀರು ಮೇಲಿಂದ ನೋಡಿದ್ರೆ ಸುಳ್ಳು ಹೇಳ್ತದೆ. ಯಾರಾದ್ರೂ ಹಾರು ಅಂದ್ರೆ ಹಾರಬೇಡಿ. ನಾನು ಅಂದ್ರೂ ಹಾರಬೇಡಿ. ನಿಮ್ಮ ಕಾಲು ತಳ ಮುಟ್ಟಿತಾ? ಅಷ್ಟು ಸಾಕು."

ಆಮೇಲೆ ಕೈ. ಎರಡೂ ಕೈ ತಲೆಯ ಮೇಲೆ ಚಾಚಿ, ಒಂದು ಅಂಗೈ ಇನ್ನೊಂದರ ಮೇಲಿಟ್ಟು ಬಿಗಿಯಾಗಿ ಹಿಡಿಯಬೇಕು. ತೋಳು ಕಿವಿಗೆ ಒತ್ತಿರಬೇಕು. ಗದ್ದ ಎದೆಗೆ. ನೀರೊಳಗೆ ಹೋದ ಮೇಲೂ ಕೈ ಬಿಡಬಾರದು. ಮೇಲೆ ಬರುವವರೆಗೂ ಕೈಯೇ ಮುಂದೆ. "ಏನಾದ್ರೂ ತಗಲೋದಿದ್ರೆ ಕೈಗೆ ತಗಲಲಿ. ಕೈ ಮುರಿದ್ರೆ ಆರು ವಾರ." ಕತ್ತು ಮುರಿದರೆ ಎಷ್ಟು ಎಂದು ಅವನು ಹೇಳಲಿಲ್ಲ. ನನಗೆ ಗೊತ್ತಿತ್ತು.

ಒಂಬತ್ತು ಅಡಿ ಆಳದ ತುದಿಯಲ್ಲಿ ಮೊದಲು ಅಂಚಿನ ಮೇಲೆ ಕೂತು ಬೀಳುವುದು, ಆಮೇಲೆ ಒಂದು ಮೊಣಕಾಲೂರಿ, ಆಮೇಲೆ ನಿಂತು. ಮಕ್ಕಳು ಎರಡು ವಾರದಲ್ಲಿ ಮೊಣಕಾಲು ದಾಟಿದರು. ನಾನು ಕೂತಲ್ಲೇ ಇದ್ದೆ. ಬೀಳುವ ಹೊತ್ತಿಗೆ ತಲೆ ತನ್ನಷ್ಟಕ್ಕೆ ಮೇಲೆದ್ದು, ಹೊಟ್ಟೆ ನೀರಿಗೆ ಬಡಿದು, ಆಚೆ ರಿಸಾರ್ಟಿನ ಬಾಲ್ಕನಿಯಲ್ಲಿ ಚಹಾ ಕುಡಿಯುತ್ತಿದ್ದವರು ಎದ್ದು ನೋಡುವಷ್ಟು ಸದ್ದು. ಮೇಧಾ ನಕ್ಕು ನಕ್ಕು ನೀರು ಕುಡಿದಳು. ಅವಳ ನಗು ಅವಳ ಅಪ್ಪನದೇ. ಕೆಂಪಾದ ಹೊಟ್ಟೆ ಹಿಡಿದುಕೊಂಡು ನಾನೂ ನಗುತ್ತಿದ್ದೆ. ಆ ಕೆಲವು ಭಾನುವಾರಗಳು, ನಿಜ ಹೇಳಬೇಕೆಂದರೆ, ನನಗೆ ತುಂಬ ಸುಖದವು.

ಐದನೆಯ ಭಾನುವಾರ ಮೇಧಾ ಮೊದಲ ಸಲ ನಿಂತು ಹಾರಬೇಕಿತ್ತು. ಅಂಚಿಗೆ ಬಂದಳು, ಕೈ ಸರಿಯಾಗಿ ಹಿಡಿದಳು. ಹಾರಲಿಲ್ಲ. ಕತ್ತು ತಿರುಗಿಸಿ ನನ್ನನ್ನು ನೋಡಿದಳು.

"ದೊಡ್ಡಪ್ಪಾ, ನೀರು ಎಷ್ಟಿದ್ದು?"

ಇಮ್ತಿಯಾಜನಿಗೆ ಸಿಟ್ಟು ಬಂತು. "ಅವರನ್ನ ಎಂತಕ್ಕೆ ಕೇಳ್ತಿ? ನಾಲ್ಕು ಸಲ ತಳ ಮುಟ್ಟಿದ್ದೀ ಈಗಷ್ಟೇ."

"ಅಪ್ಪ ಹೇಳಿದ್ದ, ದೊಡ್ಡಪ್ಪನ ಕೇಳದೆ ಎಲ್ಲೂ ಹಾರಡ ಅಂತ. ಅಪ್ಪ ಕೇಳದೆ ಹಾರಿದ್ದಕ್ಕೇ ಹಿಂಗಾಗಿದ್ದು."

ಅವಳು ಕಾಯುತ್ತಿದ್ದಳು. ಸೀಟಿ ಅಲ್ಲ, ನನ್ನ ಮಾತು ಬೇಕಿತ್ತು. ನಾನು ಹಾರು ಎಂಬಂತೆ ತಲೆಯಾಡಿಸಿದೆ. ಅವಳು ಹಾರಿದಳು. ಚೆನ್ನಾಗಿಯೇ ಹಾರಿದಳು. ಮನೆಗೆ ಬರುವ ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದಳು. ಕಾರು ಓಡಿಸುತ್ತಿದ್ದ ನನಗೆ ಒಂದು ಶಬ್ದವೂ ಕೇಳಲಿಲ್ಲ.

ಆಗಲೂ ಹೇಳಲಿಲ್ಲ ನೋಡಿ. ಸ್ಪರ್ಧೆ ಮುಗಿಯಲಿ ಎಂದುಕೊಂಡೆ. ನನ್ನಂಥವರಿಗೆ ಯಾವಾಗಲೂ ಏನೋ ಒಂದು ಮುಗಿಯುವುದು ಬಾಕಿ ಇರುತ್ತದೆ.

ಹೇಳಿಸಿದ್ದು ಒಂದು ಫೋಟೋ. ಮಳೆಗಾಲ ಮುಗಿದ ಹೊಸತು, ಸ್ಪರ್ಧೆಗೆ ಇನ್ನೂ ದಿನವಿತ್ತು. ಮೇಧಾ ರಜೆಯ ದಿನ ಗೆಳತಿಯ ಮನೆಗೆಂದು ಮುಟ್ಟಳ್ಳಿಗೆ ಹೋಗಿದ್ದಳು. ನಾನು ಅಂಗಡಿಯಲ್ಲಿದ್ದೆ; ಒಬ್ಬ ಅಜ್ಜಿ, "ಇದು ತಕಂಡ್ರೆ ಆಗ್ತದಾ?" ಎಂದು ಕೇಳಿದ್ದಕ್ಕೆ, "ಆಗ್ತದೆ, ಊಟ ಆದ ಮೇಲೆ" ಎಂದು ಹೇಳುತ್ತಿದ್ದೆ. ಫೋನು ಟಿಂಗ್ ಎಂದಿತು. ಫೋಟೋ ನೋಡಿದೆ: ಚಿರೇಕಲ್ಲು ತೆಗೆದು ಬಿಟ್ಟ ಹೊಂಡ, ಮಳೆನೀರು ತುಂಬಿ ಕೆಂಪಗೆ, ಅಂಚಿನವರೆಗೆ. ಅಂಚಿನಲ್ಲಿ ಎರಡು ಒದ್ದೆ ಕಾಲು, ಅವಳವೇ. ಕೆಳಗೆ ಬರೆದಿದ್ದಳು: "ತುಂಬಿದ್ದು ದೊಡ್ಡಪ್ಪಾ, ಹಾರ್ಲಾ?"

ಆ ಹೊಂಡಗಳನ್ನು ನೀವು ನೋಡಿದ್ದೀರಿ. ಕಲ್ಲು ಕೊಯ್ದ ಕಡೆ ಮೂವತ್ತಡಿ, ಪಕ್ಕದಲ್ಲೇ ಬಿಟ್ಟ ಮೆಟ್ಟಿಲಿನಲ್ಲಿ ಎರಡಡಿ. ಮೇಲೆ ಎಲ್ಲ ಒಂದೇ ಬಣ್ಣ. ನಾನು ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಅಜ್ಜಿ ಮಾತ್ರೆ ಹಿಡಿದು ನನ್ನ ಮುಖ ನೋಡುತ್ತಿದ್ದಳು. ಮೂರನೆಯ ಸಲ ಮೇಧಾ ಎತ್ತಿದಳು. ನಾನು ಕಿರುಚಿದ್ದು ರಸ್ತೆಯ ಆಚೆಯ ಹೂವಿನ ಅಂಗಡಿಗೆ ಕೇಳಿತಂತೆ.

"ಹಾರಡ! ಹಿಂದೆ ಬಾ, ಅಂಚಿಂದ ಹಿಂದೆ ಬಾ!"

"ಎಂತ ಆತು ದೊಡ್ಡಪ್ಪಾ? ನೀ ಹೇಳದೆ ನಾ ಹಾರ್ತಿಲ್ಲೆ."

ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಆ ಮಗು ನೀರನ್ನು ನಂಬಿರಲಿಲ್ಲ, ತನ್ನ ಕಾಲನ್ನು ನಂಬಿರಲಿಲ್ಲ, ಇಮ್ತಿಯಾಜನ ಪಾಠವನ್ನೂ ನಂಬಿರಲಿಲ್ಲ. ಅವಳಪ್ಪ ಹೇಳಿಕೊಟ್ಟಂತೆ ನನ್ನನ್ನು ನಂಬಿದ್ದಳು. ಫೋಟೋ ಬಂದಾಗ ನಾನು ಅಜ್ಜಿಯ ಚೀಟಿಯಲ್ಲೇ ಮುಳುಗಿದ್ದು, ನೋಡದೆ "ಹೂಂ" ಎಂದು ಒತ್ತಿದ್ದರೆ ಅವಳು ತಲೆಮುಂದಾಗಿ ಬೀಳುತ್ತಿದ್ದಳು. ನನ್ನ ಸುಳ್ಳು ಇಷ್ಟು ದಿನ ನನ್ನನ್ನು ಕಾಯುತ್ತಿದೆ ಎಂದುಕೊಂಡಿದ್ದೆ. ಅದು ಅವಳನ್ನು ಅಂಚಿಗೆ ತಂದು ನಿಲ್ಲಿಸಿತ್ತು.

ಅವತ್ತು ಸಂಜೆ ಸುಬ್ರಾಯ ಜಗುಲಿಯಲ್ಲಿ ಕುರ್ಚಿಯ ಮೇಲೆ ರಸ್ತೆ ನೋಡುತ್ತ ಕೂತಿದ್ದ. ಸರೋಜ ಒಳಗೆ ಅಡುಗೆ ಮಾಡುತ್ತಿದ್ದಳು. ನಾನು ಮೆಟ್ಟಿಲ ಮೇಲೆ ಕೂತು, ಅವನ ಮುಖ ನೋಡದೆ, ಎಲ್ಲ ಹೇಳಿದೆ. ಕುರ್ಚಿ, ಪಕೋಡ, ಅಂಚು, ನಾಲ್ಕು ಅಡಿ. ನಾನು ನಕ್ಕದ್ದನ್ನೂ ಹೇಳಿದೆ. ಒಳಗೆ ಸೌಟಿನ ಸದ್ದು ನಿಂತಿತು.

ಸುಬ್ರಾಯ ಕತ್ತು ನನ್ನ ಕಡೆ ತಿರುಗಿಸಿದ. ಆಮೇಲೆ ಕೇಳಿದ.

"ಹಂಗಾರೆ ನಾ ಕೇಳಿದ್ನಾ?"

"ಕೇಳಿದ್ದೆ."

"ಕೇಳಿಯೇ ಹಾರಿದ್ದು?"

"ಹೌದು. ಹಾರು ಅಂದಿದ್ದು ನಾನು."

"ಹನ್ನೊಂದು ವರ್ಷ ನಾ ನನ್ನನ್ನೇ ಬೈಕಂಡೆ ಅಣ್ಣಾ. ದಿನಾ ಬೈಕಂಡೆ. ಒಂದ್ ಮಾತು ಕೇಳಿದ್ರೆ ಆಗ್ತಿತ್ತು, ಎಂತಕೆ ಕೇಳಿದ್ನಿಲ್ಲೆ ಹೇಳಿ." ಅವನ ದನಿ ಒಡೆಯಿತು. "ನಾ ಕೇಳಿದ್ದೆ."

ಅಳು ಬಂದರೆ ಕಣ್ಣು ಒರೆಸಿಕೊಳ್ಳಲು ಅವನಿಗೆ ಕೈಯಿಲ್ಲ. ಕಣ್ಣೀರು ಮೂಗಿನ ಪಕ್ಕದಿಂದ ಇಳಿದು ಬಾಯಿಗೆ ಬಂತು. ನಾನು ಎದ್ದು, ಕುರ್ಚಿಯ ಹಿಡಿಕೆಯಲ್ಲಿದ್ದ ಒರೆಸುವ ಪಂಜೆ ತೆಗೆದು, ಎಂದಿನಂತೆ ಅವನ ಮುಖಕ್ಕೆ ತಂದೆ. ಅವನು ಮುಖ ಆಚೆ ತಿರುಗಿಸಿಕೊಂಡ. ಅವನಿಂದ ಆಗುವುದು ಅಷ್ಟೇ, ಅಷ್ಟನ್ನು ಮಾಡಿದ.

"ಸರೋಜನ ಕರೆ" ಅಂದ.

ಸರೋಜ ಬಾಗಿಲಲ್ಲೇ ನಿಂತಿದ್ದಳು. ಬಂದು ನನ್ನ ಕೈಯಿಂದ ಪಂಜೆ ತೆಗೆದುಕೊಂಡಳು. ನಾನು ಮೆಟ್ಟಿಲಿಳಿಯುವಾಗ ಹಿಂದಿನಿಂದ ಸುಬ್ರಾಯನ ದನಿ ಬಂತು. "ಮೇಧಾಗೆ ನೀನೇ ಹೇಳು. ನಾ ಹೇಳ್ತಿಲ್ಲೆ."

ಮರುದಿನ ಬೆಳಿಗ್ಗೆಯೂ ಹೋದೆ. ಹೋಗದೆ ಇರುವಂತಿಲ್ಲ, ಸರೋಜಳೊಬ್ಬಳಿಂದ ಎತ್ತಲಾಗುವುದಿಲ್ಲ. ಅವನು ಎತ್ತಿಸಿಕೊಂಡ. ಕಣ್ಣು ಮುಚ್ಚಿಕೊಂಡಿದ್ದ. ಇಷ್ಟು ವರ್ಷ ಅವನ ಭಾರ ನನಗೆ ಆ ರೀತಿಯಲ್ಲಿ ಗೊತ್ತೇ ಆಗಿರಲಿಲ್ಲ.

ಭಾನುವಾರ ಕಾಯ್ಕಿಣಿಗೆ ಹೋಗುವ ದಾರಿಯಲ್ಲಿ ಹೇಳಬೇಕೆಂದಿದ್ದೆ, ಆಗಲಿಲ್ಲ. ಕೊಳದ ಹತ್ತಿರ, ಇಬ್ಬರೂ ಟೊಪ್ಪಿ ಹಾಕಿಕೊಂಡು ಬೆಂಚಿನ ಮೇಲೆ ಕೂತಾಗ ಹೇಳಿದೆ. ನಿನ್ನಪ್ಪ ಕೇಳಿಯೇ ಹಾರಿದ್ದ, ತಪ್ಪು ಹೇಳಿದ್ದು ನಾನು, ನನಗೆ ನೀರು ನೋಡಲು ಬರುವುದಿಲ್ಲ, ಇನ್ನು ಮುಂದೆ ನನ್ನನ್ನು ಕೇಳಬೇಡ, ಯಾರನ್ನೂ ಕೇಳಬೇಡ. ಅವಳು ತನ್ನ ಕಾಲ ಬೆರಳುಗಳನ್ನು ನೋಡುತ್ತ ಕೇಳಿಸಿಕೊಂಡಳು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಬೈಯುತ್ತಾಳೆ ಎಂದುಕೊಂಡೆ, ಬೈಯಲೂ ಇಲ್ಲ.

ಎದ್ದು ಹೋದಳು. ಆಳದ ತುದಿಗೆ ಹೋಗಿ ಅಂಚಿನ ಮೇಲೆ ಬರೆದಿದ್ದ ಒಂಬತ್ತನ್ನು ಬಗ್ಗಿ ಓದಿದಳು. ಏಣಿ ಹಿಡಿದು, ಕಾಲು ಮೊದಲಾಗಿ, ನೀರಿಗಿಳಿದಳು. ಮುಳುಗಿದಳು. ನಾನು ಎಣಿಸುತ್ತಿದ್ದೆ. ಮೇಲೆ ಬಂದು, ಉಸಿರು ತೆಗೆದುಕೊಂಡು, ಮತ್ತೆ ಇನ್ನೊಂದು ಕಡೆ ಮುಳುಗಿದಳು. ಹಾಗೆ ಮೂರು ಕಡೆ ತಳ ಮುಟ್ಟಿ ಬಂದಳು. ಏಣಿ ಹತ್ತಿ, ಅಂಚಿಗೆ ನಿಂತಳು. ಅಂಗೈ ಮೇಲೆ ಅಂಗೈ, ತೋಳು ಕಿವಿಗೆ, ಗದ್ದ ಎದೆಗೆ.

ನಾನು ಬೆಂಚಿನಿಂದ ಎದ್ದು ನಿಂತಿದ್ದೆ. ನಲವತ್ತು ವರ್ಷದ ಅಭ್ಯಾಸ, ಕಣ್ಣು ತಾನಾಗಿಯೇ ಅಂಚಿಗೂ ನೀರಿಗೂ ನಡುವಿನ ಅಂತರವನ್ನು ನೋಡುತ್ತಿತ್ತು. ಅವಳ ಕತ್ತು ಒಮ್ಮೆಯಾದರೂ ನನ್ನ ಕಡೆ ತಿರುಗುತ್ತದೆ ಎಂದು ಕಾದೆ.

ಅವಳು ಕೇಳಲಿಲ್ಲ. ಹಾರಿದಳು.